ಕಲ್ಲಿನ ಕೈಗೆ ಬಳೆ

ನಮ್ಮ ಯಜಮಾನರ ಹೆಸರು ಉಜ್ಜನಪ್ಪ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎನ್ನುವ ಶಾಸ್ತ್ರವೆಲ್ಲ ನನ್ನ ಪಾಲಿಗೆ ಮುಗಿಯಿತು. ಹೆತ್ತ ಮಗನನ್ನೇ ಮಣ್ಣು ಮಾಡಿದ ಮೇಲೆ ಹೆಸರು ಹೇಳಿದ್ದಕ್ಕೆ ಇನ್ನೇನು ಕೇಡು ಆಗಬೇಕು? ಈ ಉಜ್ಜನಪ್ಪನವರಿಗೆ ತಲೆಯಲ್ಲಿ ಒಂದು ಹುಳ ಹೊಕ್ಕರೆ ಅದು ಮರಿ ಹಾಕುವ ತನಕ ಹೊರಗೆ ಬರುವುದಿಲ್ಲ. ಹೋದ ಭಾನುವಾರ ನಾವು ಮೂವರೂ ಬೆಳಗಾಗುತ್ತಲೇ ದಾವಣಗೆರೆ ಬಿಟ್ಟು ಕಲ್ಲು ನೋಡುವುದಕ್ಕೆ ಹೊರಟಿದ್ದು ಹಾಗೆ.

ಮೂವರು ಎಂದರೆ ಅವರು, ನಾನು, ಸೊಸೆ ನಯನಾ. ಕಾರು ಮಗನದು.

ಮಗ ಬಸವಕಿರಣ ಹೋಗಿ ಎರಡು ವರ್ಷವಾಯಿತು. ಹರಿಹರದಲ್ಲಿ ಸ್ನೇಹಿತನ ಮನೆಗೆ ಊಟಕ್ಕೆ ಹೋಗಿದ್ದವನು ಸಂಜೆ ಹೊಳೆ ಕಡೆ ನಡೆದಿದ್ದಾನೆ. ಕಾಲೇಜಿನ ಇಬ್ಬರು ಹುಡುಗರು ಸೆಳವಿಗೆ ಸಿಕ್ಕಿದ್ದರಂತೆ. ಇವನು ಅಂಗಿ ಸಹ ಬಿಚ್ಚದೆ ಧುಮುಕಿ ಒಬ್ಬನನ್ನು ದಡಕ್ಕೆ ಎಳೆದು ಹಾಕಿದ. ಇನ್ನೊಬ್ಬನಿಗೆಂದು ತಿರುಗಿ ಹೋದವನು ಬರಲಿಲ್ಲ. ಉಳಿದ ಹುಡುಗ ಈಗಲೂ ಹಬ್ಬಕ್ಕೆ ಬಂದು ಕಾಲಿಗೆ ಬೀಳುತ್ತಾನೆ. ಅವನ ಮುಖ ನೋಡುವುದು ನನಗೆ ಕಷ್ಟ, ಆದರೂ ಹೋಳಿಗೆ ಬಡಿಸುತ್ತೇನೆ.

ಯಜಮಾನರ ತಲೆಗೆ ಹೊಕ್ಕ ಹುಳ ಇದು: ಹಿಂದಿನ ಕಾಲದಲ್ಲಿ ದನ ಕಾಯಲು ಹೋಗಿ ಸತ್ತವನಿಗೂ ಊರಿನವರು ವೀರಗಲ್ಲು ನಿಲ್ಲಿಸಿದ್ದಾರೆ, ಎರಡು ಜೀವಕ್ಕಾಗಿ ಹೊಳೆಗೆ ಹಾರಿದ ನನ್ನ ಮಗನಿಗೆ ಯಾಕಿಲ್ಲ? ಆವರಗೆರೆಯ ನಮ್ಮ ತೋಟದಲ್ಲಿ ಅವನ ಗದ್ದಿಗೆ ಇದೆ, ದಿನಾ ಬಿಲ್ವಪತ್ರೆ ಏರುತ್ತದೆ, ನಮ್ಮ ಜನಕ್ಕೆ ಅಷ್ಟು ಸಾಲದೇ ಎಂದು ನಾನು ಕೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಹಳೇ ಕಲ್ಲುಗಳ ಚಿತ್ರ ನೋಡುವುದೇ ಆಯಿತು. ಕೊನೆಗೆ ಹನುಮೇಶ್ ಎಂಬ ಶಿಲ್ಪಿಯನ್ನು ಹಿಡಿದರು. ಕಡರನಾಯಕನಹಳ್ಳಿ ಕಡೆ ಅವನದೊಂದು ಶಿಲ್ಪದ ತೋಟವಿದೆಯಂತೆ. ಮೊದಲು ಹಳ್ಳಿಗಳಲ್ಲಿರುವ ಹಳೇ ಕಲ್ಲು ನೋಡಿ ಮಾದರಿ ಆರಿಸಿಕೊಂಡು ಬನ್ನಿ, ಆಮೇಲೆ ಉಳಿ ಹಿಡಿಯುತ್ತೇನೆ ಎಂದನಂತೆ. ಸರಿ, ಅವಲಕ್ಕಿ, ಮೊಸರನ್ನ, ಫ್ಲಾಸ್ಕಿನಲ್ಲಿ ಚಹಾ ಕಟ್ಟಿಕೊಂಡು ಹೊರಟೆವು.

ನನ್ನ ತಲೆಯಲ್ಲಿ ಇದ್ದದ್ದು ಕಲ್ಲಲ್ಲ, ಅಶ್ವಥ್ ಎಂಬ ಹುಡುಗ. ನಯನಾ ಪಾಠ ಹೇಳುವ ಶಾಲೆಯಲ್ಲೇ ಮೇಷ್ಟ್ರು. ಯಜಮಾನರು ಅಂಗಡಿಯಲ್ಲಿದ್ದ ಹೊತ್ತು ನೋಡಿ ಮನೆಗೆ ಬಂದು, ಸೋಫಾದ ಅಂಚಿಗೆ ಕೂತು, ನಯನಾಳನ್ನು ಮದುವೆಯಾಗಲು ನನ್ನನ್ನು ಕೇಳಿದ. ಅವಳ ತವರಲ್ಲಿ ಕೇಳಬೇಕಾದ್ದನ್ನು ನನ್ನನ್ನು ಯಾಕೆ ಕೇಳುತ್ತೀಯಪ್ಪಾ ಎಂದೆ. ಅತ್ತೆ ಹೂಂ ಅನ್ನದೆ ಈ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ನಯನಾ ಹೇಳಿದ್ದಾಳಂತೆ. ನಾನು ಕಾಫಿ ಕೊಟ್ಟು, ನೋಡೋಣ ಎಂದು ಕಳಿಸಿದೆ. ಯಜಮಾನರಿಗೆ ಹೇಳಲಿಲ್ಲ. ನಯನಾಳೂ ಒಂದು ಮಾತು ಕೇಳಲಿಲ್ಲ. ಹೂಂ ಅಂದರೆ ಈ ಹುಡುಗಿ ಹೋಗುತ್ತಾಳೆ, ಇವಳು ಹೋದರೆ ಕಿರಣನ ಕೋಣೆಗೆ ಬೀಗ ಬೀಳುತ್ತದೆ, ನನ್ನನ್ನು ಅತ್ತೆ ಎಂದು ಕರೆಯುವವರು ಇರುವುದಿಲ್ಲ. ಉಹೂಂ ಅನ್ನಲು ಬಾಯಿ ಬರುತ್ತಿರಲಿಲ್ಲ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಹರಿಹರದಲ್ಲಿ ದೇವರಿಗೆ ಕೈಮುಗಿದೆವು. ಗುಡಿಯ ಹಿಂದೆ ಹೊಳೆ. ಮೂವರೂ ಆ ಕಡೆ ಬೆನ್ನು ಮಾಡಿಯೇ ಪ್ರದಕ್ಷಿಣೆ ಮುಗಿಸಿದೆವು. ನಯನಾ ಕಂಬಗಳನ್ನು ಮುಟ್ಟಿ ನೋಡುತ್ತಿದ್ದಳು. ಕಲ್ಲನ್ನು ಬಳೆ ತಿರುವಿದ ಹಾಗೆ ತಿರುವಿದ್ದಾರೆ ಅತ್ತೆ ಎಂದಳು. ಮದುವೆಯಾದ ಹೊಸದರಲ್ಲಿ ಕಿರಣನ ಜೊತೆ ಅಲ್ಲಿಗೆ ಬಂದಿದ್ದಳು ಎಂದು ನನಗೆ ಗೊತ್ತಿತ್ತು.

ಅಲ್ಲಿಂದ ಮಲೆಬೆನ್ನೂರು ದಾಟಿ ಎರಡು ಮೂರು ಹಳ್ಳಿ ತಿರುಗಿದೆವು. ಎಲ್ಲ ಕಡೆ ನಾಟಿಯ ಸಡಗರ, ದಾರಿ ತುಂಬ ಟ್ರ್ಯಾಕ್ಟರು. ಒಂದೂರಲ್ಲಿ ವೀರಗಲ್ಲಿಗೆ ಎಮ್ಮೆ ಕಟ್ಟಿದ್ದರು, ಇನ್ನೊಂದರಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಯಜಮಾನರು ಎಲ್ಲ ಕಡೆ ಇಳಿದು, ಮೂರು ಹಂತದ ಚಿತ್ರವನ್ನು ನಮಗೆ ವಿವರಿಸಿದರು: ಕೆಳಗೆ ಕಾಳಗ, ನಡುವೆ ದೇವಕನ್ಯೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತದ್ದು. ಕೆಳಗಿನ ಹಂತದಲ್ಲಿ ಕತ್ತಿಯ ಬದಲು ಹೊಳೆ ಕೆತ್ತಿಸುತ್ತಾರಂತೆ. ಮಾತಾಡುತ್ತಾ ಅವರ ಮುಖಕ್ಕೆ ಕಳೆ ಬಂದಿತ್ತು. ಎರಡು ವರ್ಷದಿಂದ ನಾನು ಆ ಮುಖ ಕಂಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ, ನನಗೂ ಹಿತವಾಯಿತು.

ಕೊನೆಯ ಹಳ್ಳಿಯ ಹುಣಸೇಮರದ ಕೆಳಗೆ ಜೋಡಿ ಕಲ್ಲಿದ್ದವು. ಒಂದು ವೀರಗಲ್ಲು. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಕಲ್ಲು, ಅದರಿಂದ ಒಂದು ಹೆಂಗಸಿನ ತೋಳು ಹೊರಟು, ಮೊಣಕೈಯಲ್ಲಿ ಮಡಿಚಿ, ಅಂಗೈ ಮೇಲಕ್ಕೆ ಎತ್ತಿತ್ತು. ಮುಂಗೈ ತುಂಬ ಬಳೆ. ಯಜಮಾನರು ಅದರ ಮುಂದೆ ಬಹಳ ಹೊತ್ತು ನಿಂತರು. ಇದೇ, ಇಂಥದೇ ಆಗಬೇಕು, ಅವನ ಪಕ್ಕದಲ್ಲಿ ನಯನಾಳ ಕೈ ಇರಬೇಕು ಎಂದರು.

ಆ ಕಲ್ಲಿಗೆ ಅರಿಶಿನ ಹಚ್ಚುತ್ತಿದ್ದ ರಂಗವ್ವ ಎಂಬ ಮುದುಕಿಯನ್ನು ನಾನು ಇದು ಯಾರು ಎಂದು ಕೇಳಿದೆ.

“ಮಾಸ್ತಿ ತಾಯಿ ಕಣವ್ವಾ,” ಎಂದಳು ಅವಳು. “ಗಂಡ ಸತ್ತ ದಿನ ಅವನ ಕೂಟ ಬೆಂಕಿ ಹೊಕ್ಕಾಕಿ. ಕೈ ಒಂದೇ ಉಳದೈತೆ ನೋಡು.”

ನಯನಾ ಮುಖ ಆ ಕಡೆ ಮಾಡಿಕೊಂಡು, ಹುಣಸೇಮರದ ಮೇಲೆ ಏನೋ ಇದೆ ಎನ್ನುವಂತೆ ನೋಡುತ್ತಿದ್ದಳು. ಕಾರು ಹತ್ತುವ ಮುಂಚೆ ನಾನು ಯಜಮಾನರ ತೋಳು ಹಿಡಿದು, ಅದು ಬೆಂಕಿಗೆ ಬಿದ್ದವಳ ಕಲ್ಲು, ಬದುಕಿರುವ ಹುಡುಗಿಯನ್ನು ಅಲ್ಲಿ ನಿಲ್ಲಿಸುತ್ತೀರಾ ಎಂದು ಪಿಸುಗುಟ್ಟಿದೆ.

“ಈ ಕಾಲದಾಗೆ ಯಾರು ಬೆಂಕಿಗೆ ಬೀಳು ಅಂತಾರೆ?” ಎಂದರು ಅವರು. ಆಮೇಲೆ ದನಿ ಇಳಿಯಿತು. “ಅವ್ನು ಒಬ್ಬನೇ ನಿಂತಿರಬಾರದು ಮಂಗ್ಳಾ. ಜೊತಿಗೆ ಯಾರಾರ ಇರ್ಲಿ ಅಂತ, ಅಷ್ಟೆ.”

ಅದಕ್ಕೆ ಏನು ಹೇಳುತ್ತೀರಿ? ನಾನು ಬಾಯಿ ಮುಚ್ಚಿದೆ. ಮುಚ್ಚಿದ್ದು ಅವರ ದುಃಖಕ್ಕೆ ಮಾತ್ರವಲ್ಲ. ಕಲ್ಲಿನಲ್ಲಿ ಒಮ್ಮೆ ಅವಳ ಕೈ ಮೂಡಿದರೆ ಅವಳು ಎಲ್ಲಿಗೂ ಹೋಗುವುದಿಲ್ಲ, ಆ ಮೇಷ್ಟ್ರಿಗೆ ನಾನು ಉತ್ತರ ಹೇಳುವ ಪೀಡೆಯೂ ಇರುವುದಿಲ್ಲ ಎಂದು ಒಳಗೊಳಗೇ ಅನ್ನಿಸಿತು. ಎಂಥ ಹೆಂಗಸು ನಾನು ಎಂದು ನನಗೇ ಹೇಸಿಗೆಯಾಯಿತು. ಆದರೂ ಕಾರು ಹತ್ತಿ ಕೂತೆ.

ಯಜಮಾನರು ಹನುಮೇಶನಿಗೆ ಫೋನು ಮಾಡಿದರು. ಅವನು, ಕೈ ನಿಜವಾದ ಕೈಯ ಹಾಗೆ ಬರಬೇಕಾದರೆ ಬಳೆ ತೊಟ್ಟ ಫೋಟೋ ಬೇಕು ಎಂದನಂತೆ. ನಯನಾಳ ಕೈಯಲ್ಲಿ ಬಳೆ ಎಲ್ಲಿವೆ? ವಾಚೊಂದಿದೆ. ತಿರುಗಿ ಬರುವಾಗ ಮಲೆಬೆನ್ನೂರಿನ ಸಂತೆಬೀದಿಯಲ್ಲಿ ಕಾರು ನಿಲ್ಲಿಸಿ, ಹಸಿರು ಬಳೆ ಇಡಿಸಿಕೊಂಡು ಬರ್ರಿ ಎಂದರು. ಒಂದು ಫೋಟೋಕ್ಕೆ ತಾನೇ ಎನ್ನುವ ಧಾಟಿ. ತಾವು ಕಾರಿನಲ್ಲೇ ಕೂತರು.

ಬಳೆ ಅಂಗಡಿಯ ನೂರ್‌ಜಹಾನ್‌ಗೆ ನಮ್ಮ ಕಥೆ ಏನು ಗೊತ್ತು? ನಯನಾಳನ್ನು ಕೂರಿಸಿಕೊಂಡು, ಕೈ ಹಿಡಿದು, ಬೆರಳಿನ ಗಂಟುಗಳನ್ನು ಹಿಚುಕಿ ಹದ ಮಾಡಿದಳು. ಎಷ್ಟು ದಿನ ಆತವ್ವಾ ಬಳೆ ಇಡಿಸಿಕೊಂಡು, ಕೈ ಬಿರುಸಾಗೈತಲ್ಲ ಎಂದು ಮೆಲ್ಲಗೆ ಗದರಿದಳು. ನಯನಾ ನಕ್ಕಂತೆ ಮಾಡಿದಳು. ಬಿಗಿಯಾದ ಅಳತೆಯದೇ ಚೆಂದ ಎಂದು ನೂರ್‌ಜಹಾನ್ ಒಂದೊಂದಾಗಿ ಏರಿಸಿದಳು. ನಡುವೆ ಒಂದು ಒಡೆಯಿತು. ಬಳೆಗಾರ್ತಿಯರು ಒಡೆಯಿತು ಎನ್ನುವುದಿಲ್ಲ, “ಹೆಚ್ಚಿತು ಬಿಡವ್ವಾ, ಒಳ್ಳೇದು,” ಎಂದಳು.

ಎರಡೂ ಕೈ ತುಂಬಿದ ಮೇಲೆ ನಯನಾ ಬಳೆಗಳನ್ನು ಕಣ್ಣಿಗೊತ್ತಿಕೊಂಡು, ಎದ್ದು, ಬಗ್ಗಿ ನನ್ನ ಕಾಲು ಮುಟ್ಟಿದಳು. ಬಳೆ ಇಡಿಸಿಕೊಂಡ ಮೇಲೆ ಹಿರಿಯರಿಗೆ ನಮಸ್ಕಾರ ಮಾಡುವುದು ಹುಟ್ಟಿನಿಂದ ಬಂದ ರೂಢಿ, ಯೋಚನೆ ಮಾಡಿ ಮಾಡಿದ್ದಲ್ಲ. ರೂಢಿಯಂತೆ ನನ್ನ ಬಾಯಿಗೂ ಆಶೀರ್ವಾದ ಬಂತು, “ಮುತ್ತೈದೆಯಾಗಿ” ಎನ್ನುವಷ್ಟರಲ್ಲಿ ಮಾತು ಅರ್ಧಕ್ಕೇ ನಿಂತಿತು. ಅವಳು ಬಗ್ಗಿದವಳು ಬಗ್ಗಿಯೇ ಒಂದು ಗಳಿಗೆ ಕಾದಳು. ನಾನು ಪರ್ಸು ಬಿಚ್ಚಿ ದುಡ್ಡು ತೆಗೆದೆ. ನೂರ್‌ಜಹಾನ್ ನಮ್ಮಿಬ್ಬರನ್ನೂ ನೋಡಿ, ಚಿಲ್ಲರೆ ಎಣಿಸುತ್ತಾ ತಲೆ ತಗ್ಗಿಸಿದಳು.

ಹನುಮೇಶನ ತೋಟ ಕಾಲುವೆಯ ಪಕ್ಕ, ಹೊಂಗೆ ಮರಗಳ ನೆರಳಲ್ಲಿತ್ತು. ಹುಲ್ಲಿನ ಮೇಲೆ ಅರ್ಧ ಮುಗಿದ ನಂದಿಗಳು, ಹೋಟೆಲಿನ ಅಂಗಳಕ್ಕೆ ಹೋಗಲಿರುವ ಕುಣಿಯುವ ಹೆಣ್ಣುಗಳು, ಬುದ್ಧರು. ಚುನಾವಣೆ ಸೋತದ್ದಕ್ಕೆ ಯಾರೂ ಬಂದು ಒಯ್ಯದ ಯಾವನೋ ರಾಜಕಾರಣಿಯ ತಲೆ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡಿತ್ತು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ನಡುವೆ ಆಳೆತ್ತರದ ಕರಿಕಲ್ಲು ಒಂದು ಮಲಗಿತ್ತು, ಅದು ಕಿರಣನಿಗೆ ತಂದದ್ದು. ಯಜಮಾನರು ಅದರ ಮೇಲೆ ಕೈಯಾಡಿಸಿದರು.

ಹನುಮೇಶ್ ಬಿಳಿ ಬಟ್ಟೆ ಕಟ್ಟಿ, ನಯನಾಳನ್ನು ಅದರ ಮುಂದೆ ನಿಲ್ಲಿಸಿ, ತೋಳು ಎತ್ತಿ ಮೊಣಕೈ ಮಡಿಚಲು ಹೇಳಿದ. ಹಳೇ ಕಲ್ಲಿನಲ್ಲಿರುವಂತೆ ಹೆಬ್ಬೆರಳಿನ ಸಂದಿಗೆ ಒಂದು ನಿಂಬೆಹಣ್ಣು ಇಟ್ಟ. ಅವಳು ಹೇಳಿದಂತೆ ನಿಂತಳು. ಆದರೆ ಕಣ್ಣು ನನ್ನ ಮೇಲೇ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಬೈಯುತ್ತಲೂ ಇರಲಿಲ್ಲ. ಆ ಮೇಷ್ಟ್ರು ಕೇಳಿದ್ದಕ್ಕೆ ಅತ್ತೆಯ ಉತ್ತರ ಬರಲಿಲ್ಲ, ಇದೇ ಉತ್ತರ ಇರಬೇಕು ಎಂದು ಒಪ್ಪಿಕೊಂಡ ಹಾಗಿತ್ತು ಆ ನೋಟ.

ಫೋಟೋ ಮುಗಿಯಿತು. ಬಳೆ ತೆಗೆದುಬಿಡು ತಾಯಿ, ಹೀಗೇ ಊರಿಗೆ ಹೋದರೆ ಓಣಿಯವರು ಏನಂದಾರು ಎಂದರು ಯಜಮಾನರು. ಶರಣರ ಮಾತು ಬಾಯಿಗೆ, ಓಣಿಯವರ ಭಯ ಮೈಗೆಲ್ಲ! ನಯನಾ ನಲ್ಲಿಯ ಹತ್ತಿರ ಕೂತು ಸೋಪು ಹಚ್ಚಿ ಎಳೆದಳು. ಆ ಬಿಗಿ ಬಳೆಗಳು ಗಂಟು ದಾಟಲಿಲ್ಲ, ಮುಂಗೈ ಕೆಂಪಾಯಿತು.

ಯಜಮಾನರು ನನ್ನ ಕಡೆ ತಿರುಗಿದರು. “ನೀನೇ ಒಡದು ತೆಗಿ ಮಂಗ್ಳಾ. ಹೆಂಗೆ ಅಂತ ನಿಂಗೆ ಗೊತ್ತೈತಲ್ಲ.”

ಗೊತ್ತಿತ್ತು. ಮಗನನ್ನು ಮಣ್ಣು ಮಾಡಿ ಬಂದ ದಿನ, ಹಿರಿಯ ಹೆಂಗಸರು ಸುತ್ತ ನಿಂತಿದ್ದಾಗ, ಇವಳ ಕೈ ಹಿಡಿದುಕೊಂಡು ಒಡೆದವಳು ನಾನೇ. ಈಗ ಕಾಲಡಿಯಲ್ಲಿ ಕಲ್ಲಿನ ಚಕ್ಕೆಗಳು ಎಷ್ಟು ಬೇಕಾದರೂ ಇದ್ದವು. ಒಂದನ್ನು ಎತ್ತಿಕೊಂಡೆ. ನಯನಾ ಅವತ್ತಿನ ಹಾಗೆಯೇ ಎರಡೂ ಕೈ ಮುಂದೆ ಚಾಚಿದಳು. ಅವತ್ತು ಆ ಕೈ ನಡುಗುತ್ತಿತ್ತು, ಇವತ್ತು ನಡುಗಲಿಲ್ಲ. ಚಕ್ಕೆಯನ್ನು ಕಾಲುವೆಗೆ ಎಸೆದೆ.

“ನನ್ನ ಕೈಲಿ ಆಗಲ್ರಿ,” ಎಂದೆ. “ಒಮ್ಮೆ ಒಡದೀನಿ. ಮತ್ತೊಮ್ಮೆ ಒಡದ್ರೆ ಆ ಶಿವ ನನ್ನ ಮೆಚ್ಚಲ್ಲ. ಈ ಬಳೆ ಇನ್ನು ಅವಳ ಕೈಯಾಗೇ ಇರ್ತಾವೆ.”

ಯಜಮಾನರು ಏನು ಹುಚ್ಚು ಇದು ಎನ್ನುವಂತೆ ನೋಡಿದರು. ನಾನು ಬಾಯಿ ತೆರೆದದ್ದೇ ತೆರೆದದ್ದು, ಅಶ್ವಥ್ ಬಂದದ್ದು, ಕೇಳಿದ್ದು, ನಾನು ಮುಚ್ಚಿಟ್ಟದ್ದು ಎಲ್ಲ ಅಲ್ಲೇ ನಿಂತು ಹೇಳಿದೆ. ಹನುಮೇಶ್ ಮೆಲ್ಲಗೆ ತನ್ನ ಶೆಡ್ಡಿನ ಕಡೆ ಸರಿದ.

“ಮತ್ತೆ ಅವ್ನು?” ಎಂದರು ಯಜಮಾನರು, ಆ ಕರಿಕಲ್ಲಿನ ಕಡೆ ನೋಡುತ್ತಾ. “ಒಬ್ಬನೇ ನಿಲ್ಲಬೇಕೇನು?”

“ಕೈ ಬೇಕಂದ್ರೆ ನಂದು ಕೆತ್ಸ್ರಿ. ಹೆತ್ತಾಕಿ ನಾನು, ಅವನ ಪಕ್ಕ ಕಲ್ಲಾಗಿ ನಿಲ್ಲಾಕೆ ನಾನು ಸಾಕು. ಈ ಹುಡುಗಿನ ಬಿಟ್ಟುಬಿಡ್ರಿ.”

ಅವರು ಆ ಕಲ್ಲಿನ ಅಂಚಿಗೆ ಕುಸಿದು ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಆಸ್ಪತ್ರೆಯಲ್ಲೂ, ಗದ್ದಿಗೆಯ ಹತ್ತಿರವೂ ಅಳದ ಮನುಷ್ಯ ಹೊಂಗೆ ಮರದ ಕೆಳಗೆ ಸದ್ದು ಮಾಡಿ ಅತ್ತರು. ನಯನಾ ಬಂದು ನನ್ನ ಕಾಲ ಮೇಲೆ ತಲೆ ಇಟ್ಟಳು. ಬಳೆ ಅಂಗಡಿಯಲ್ಲಿ ಅರ್ಧಕ್ಕೆ ನಿಂತದ್ದನ್ನು ಈಗ ಪೂರ್ತಿ ಹೇಳಿದೆ: ಮುತ್ತೈದೆಯಾಗಿ ಬಾಳು ತಾಯಿ. ಹೇಳಿ ಮುಗಿಸಿದಾಗ ನನ್ನ ಮಗ ಇನ್ನೊಮ್ಮೆ ಸತ್ತಂತಾಯಿತು. ಆದದ್ದನ್ನು ಆಗಿಲ್ಲ ಎನ್ನುವುದಿಲ್ಲ.

ಆಮೇಲೆ ನಾನೇ ಹೋಗಿ ಆ ಬಿಳಿ ಬಟ್ಟೆಯ ಮುಂದೆ ನಿಂತು ಹನುಮೇಶನನ್ನು ಕರೆದೆ. ಮುದಿ ಕೈ, ನರ ಎದ್ದಿವೆ, ಹಾಗೇ ಕೆತ್ತಪ್ಪಾ ಎಂದೆ. ನಿಂಬೆಹಣ್ಣು ಬೇಡವೆಂದೆ. ಅವನು ಫೋಟೋ ತೆಗೆದ.

ತಿರುಗಿ ಬರುವಾಗ ಮೊಸರನ್ನದ ಡಬ್ಬಿಯನ್ನು ಯಾರೂ ಬಿಚ್ಚಲಿಲ್ಲ. ಯಜಮಾನರು ಸ್ಟೀರಿಂಗ್ ಹಿಡಿದು ರಸ್ತೆ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ನಯನಾ ಸೆರಗು ಎಳೆದು ಬಳೆ ಮುಚ್ಚಿಕೊಂಡಿದ್ದಳು, ಕಾರು ಗುಂಡಿಗೆ ಇಳಿದಾಗಲೆಲ್ಲ ಅವು ಸದ್ದು ಮಾಡುತ್ತಿದ್ದವು. ಸದ್ದಾದಾಗಲೆಲ್ಲ ಅವಳು ಕೈ ಒತ್ತಿ ಹಿಡಿಯುತ್ತಿದ್ದಳು. ಹರಿಹರ ಬಂತು, ಹೋಯಿತು. ನಾನು ಮಾಡಿದ್ದು ಸರಿಯೋ ತಪ್ಪೋ, ಈ ಮನುಷ್ಯ ಇನ್ನು ನನ್ನ ಹತ್ತಿರ ಮಾತಾಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ದಾವಣಗೆರೆಯ ದೀಪಗಳು ಕಾಣುವ ಹೊತ್ತಿಗೆ ಅವರು ಗಂಟಲು ಸರಿಮಾಡಿಕೊಂಡರು. ಕನ್ನಡಿಯಲ್ಲೂ ಹಿಂದೆ ನೋಡಲಿಲ್ಲ.

“ಆ ಮೇಷ್ಟ್ರು,” ಎಂದರು, “ಯಾವೂರೋರವ್ವಾ?”

ನಯನಾ ಸೆರಗು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಚನ್ನಗಿರಿಯೋರಂತ್ರಿ ಎಂದು ನಾನೇ ಹೇಳಿದೆ.