ಎಡಗಾಲಿನ ತಗಡು

ಉಗುರಿನ ಸಂದಿಯ ಗ್ರೀಸು ಸೀಗೆಪುಡಿಗೂ ಬಿಡಲಿಲ್ಲ. ನಾಗಶ್ರೀ ಗಂಡ ಷಡಕ್ಷರಿಯ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ತೆಂಗಿನ ನಾರಿನಿಂದ ಒಂದೊಂದೇ ಬೆರಳನ್ನು ಉಜ್ಜುತ್ತಿದ್ದಳು.

"ಸಾಕು ಬಿಡೇ, ಚರ್ಮ ಕಿತ್ತು ಬರ್ತದೆ," ಎಂದರು ವಿಶಾಲಾಕ್ಷಮ್ಮ. ಅವರು ಷಡಕ್ಷರಿಯ ಅಕ್ಕ. ಮಗ ಅಶ್ವಿನ್ ಜೊತೆ ಬೆಳಗಿನ ಮೊದಲ ಬಸ್ಸಿಗೆ ಸಂಸೆಯಿಂದ ಬಂದಿದ್ದರು. "ಎಡಗೈ ತೊಳಿ. ಲಿಂಗ ಇಡೋದು ಆ ಕೈಗೆ."

ಷಡಕ್ಷರಿಯನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಎದೆಯ ಸುತ್ತ ಪಂಚೆ ಕಟ್ಟಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂತೇ ಮಣ್ಣಿಗೆ ಹೋಗಬೇಕು. ಹಾಗೆ ಕೂತಿದ್ದರಿಂದ ಅವನು ಯಾರೋ ಏನೋ ಹೇಳಲಿ ಎಂದು ಕಾಯುತ್ತಿರುವಂತೆ ಕಾಣುತ್ತಿದ್ದ. ಹೇಳಬೇಕಾದವಳು ತಾನು ಎಂದು ನಾಗಶ್ರೀಗೆ ಗೊತ್ತಿತ್ತು. ಒಂದೇ ಒಂದು ಮಾತು. ಒಂಬತ್ತು ವರ್ಷದಿಂದ ಹೇಳಿರಲಿಲ್ಲ.

ನಿನ್ನೆ ಸಂಜೆ ಶೆಡ್ಡಿನಲ್ಲಿ, ಗಾಡಿಯ ಪಕ್ಕದಲ್ಲೇ ಕುಸಿದಿದ್ದ. ಆಳುಗಳು ಎತ್ತಿ ತರುವಾಗಲೂ ಸ್ಪ್ಯಾನರು ಕೈಯಲ್ಲೇ ಇತ್ತು.

"ಮಗಳನ್ನ ತಿಂತು, ಈಗ ಇವನನ್ನೂ ತಿಂತು ಆ ಮೂರು ಚಕ್ರದ ಪೀಡೆ," ವಿಶಾಲಾಕ್ಷಮ್ಮ ಮೂಗು ಒರೆಸಿಕೊಂಡರು. "ಹದಿಮೂರು ವರ್ಷದ ಹುಡುಗಿ ಕೈಗೆ ಕೊಡ್ತಾರೇನೇ ಅದನ್ನ? ನಾನು ಅವತ್ತೇ ಮುಖಕ್ಕೆ ಅಂದೆ, ಮೇಘಳನ್ನ ಕೊಂದೋನು ನೀನೇ ಅಂತ. ತುಟಿ ಬಿಚ್ಚಿದ್ರೆ ಕೇಳು!"

ತುಟಿ ಬಿಚ್ಚಿರಲಿಲ್ಲ. ಯಾರು ಏನೆಂದರೂ ತಲೆ ತಗ್ಗಿಸಿ ಕೇಳಿಸಿಕೊಂಡು ಶೆಡ್ಡಿಗೆ ಹೋಗುತ್ತಿದ್ದ. ಅವನು ಬೈಸಿಕೊಳ್ಳುವಾಗ ನಾಗಶ್ರೀ ಪಕ್ಕದಲ್ಲೇ ನಿಂತಿರುತ್ತಿದ್ದಳು.

*

ಗಾಡಿ ಸಿಕ್ಕಿದ್ದು ಬಾಳೂರಿನ ಒಂದು ಎಸ್ಟೇಟಿನ ಗುಜರಿಯಲ್ಲಿ. ಎಂಬತ್ತರ ದಶಕದ ಜಪಾನಿನದು. ಮುಂದೊಂದು, ಹಿಂದೆರಡು, ಬಲೂನಿನಂತೆ ಉಬ್ಬಿದ ಟೈರುಗಳು. ಹಿಂದಿನ ಧಣಿಗಳು ಅದರಲ್ಲೇ ಗುಡ್ಡ ಹತ್ತಿ ತೋಟ ಸುತ್ತುತ್ತಿದ್ದರಂತೆ. ಷಡಕ್ಷರಿ ಮತ್ತು ಮಗಳು ಮೇಘಶ್ರೀ ಎರಡು ಬೇಸಿಗೆ ರಜೆ ಕೂತು ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದರು. ಕಾರ್ಬುರೇಟರಿಗೆ ಬಾಯಿಟ್ಟು ಕಸ ಊದುವ ಕೆಲಸ ಹುಡುಗಿಯದು.

"ಅಪ್ಪ, ಮೂರು ಚಕ್ರ ಇದ್ರೂ ಇದನ್ನ ಆಟೋ ಅನ್ಬಾರ್ದು ಅಲ್ವಾ?"

"ಅಂದ್ರೆ ಬೇಜಾರು ಮಾಡ್ಕೊಳ್ತದೆ ಮಾರಾಯ್ತಿ. ಮೆಲ್ಲಗೆ ಮಾತಾಡು."

ಅದು ಜನವರಿಯ ಮಧ್ಯಾಹ್ನ. ಕಣದ ತುಂಬ ಕಾಫಿ ಹರಡಿತ್ತು. ಷಡಕ್ಷರಿ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ಹಣ್ಣು ಸುರಿಯುತ್ತಿದ್ದ. ಮಿಷನ್ನಿನ ಸದ್ದು ಕಿವಿ ತುಂಬುವಷ್ಟಿತ್ತು. ಮೇಘಶ್ರೀ ಗಾಡಿ ಹತ್ತಿಸಿಕೊಂಡು ಹೋದಳು. ಕಣದ ಮೇಲಿನ ತಿರುವಿನಲ್ಲಿ ಅದು ಎಡಕ್ಕೆ ವಾಲಿತು.

ಮದುವೆಗೆ ಮುಂಚೆ ನಾಗಶ್ರೀ ಐದು ವರ್ಷ ಚಿಕ್ಕಮಗಳೂರಿನಲ್ಲಿ ಮೊಪೆಡ್ ಓಡಿಸಿದವಳು. ವಾಲಿದರೆ ಏನು ಮಾಡಬೇಕೆಂದು ಮೈಗೇ ಗೊತ್ತಿತ್ತು. "ಕಾಲು ಊರೇ! ಎಡಗಾಲು ಊರು!" ಎಂದು ಕಣದಿಂದಲೇ ಕೂಗಿದಳು.

ಅಮ್ಮನ ಮಾತನ್ನು ಎಂದೂ ಕೇಳದ ಹುಡುಗಿ ಅವತ್ತು ಕೇಳಿದಳು. ನೆಲಕ್ಕೆ ಊರಿದ ಕಾಲಿನ ಮೇಲೆ ಹಿಂದಿನ ಟೈರು ಹತ್ತಿತು, ಅವಳನ್ನು ಕೆಳಗೆ ಎಳೆದುಕೊಂಡಿತು, ಗಾಡಿ ಅವಳ ಮೇಲೆ ಮಗುಚಿತು. ಜೀಪು ಮೂಡಿಗೆರೆ ದಾಟುವುದರೊಳಗೆ ಮುಗಿದಿತ್ತು.

ಆ ಕೂಗು ಷಡಕ್ಷರಿಗೆ ಕೇಳಿಸಿತ್ತೋ ಇಲ್ಲವೋ, ಅದೊಂದು ಅವಳಿಗೆ ತಿಳಿಯಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅವನು ಗಾಡಿಯನ್ನು ಶೆಡ್ಡಿಗೆ ತಳ್ಳಿಕೊಂಡು ಹೋಗಿ, ಮೊದಲ ಬೋಲ್ಟಿನಿಂದ ಬಿಚ್ಚತೊಡಗಿದ. ಅವಳು ಆ ಹೊಸ್ತಿಲು ದಾಟಲಿಲ್ಲ. ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬರುತ್ತಿದ್ದಳು.

ಒಮ್ಮೆ ಮಾತ್ರ, ಎರಡು ವರ್ಷದ ಹಿಂದೆ, ಅವನು ಖಾಲಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ.

"ನಾಗು, ಮೊಪೆಡ್ ವಾಲಿದಾಗ ನೀನು ಯಾವ ಕಾಲು ಊರ್ತಿದ್ದೆ?"

ಒಲೆಯ ಮೇಲಿನ ಹಾಲು ಉಕ್ಕಿತು. ಅವಳು ಅದನ್ನು ಇಳಿಸಿದಳು. ಕಟ್ಟೆ ಒರೆಸಿದಳು. "ನೆನಪಿಲ್ಲ," ಎಂದಳು.

ಅವನು ಲೋಟವನ್ನು ಕಟ್ಟೆಯ ಮೇಲಿಟ್ಟ. ಆಮೇಲೆ, "ಇವತ್ತು ಕಾಫಿ ಚೆನ್ನಾಗಿತ್ತು," ಎಂದು ಹೊರಟುಹೋದ.

*

ಗಾಡಿಯ ಕೆಲಸಕ್ಕೆ ಷಡಕ್ಷರಿಗೆ ನೆರವಾಗುತ್ತಿದ್ದ ಮೂಡಿಗೆರೆಯ ಗ್ಯಾರೇಜಿನ ಶಶಿಧರ್ ಬಂದಾಗ, ಕ್ರಿಯೆ ಮಾಡಿಸುವ ಅಯ್ಯನವರು ವಿಭೂತಿ ಹಚ್ಚಿ ಮುಗಿಸಿದ್ದರು. ಅವನು ಹಾರ ಹಾಕಿ, ಸತ್ತವನ ಬಲಗೈ ನೋಡುತ್ತ ನಿಂತ. "ಪೆಟ್ರೋಲಲ್ಲಿ ಒರೆಸಿದ್ರೆ ಹೋಗ್ತಿತ್ತಕ್ಕ," ಎಂದ.

ಮೇಲಿನ ಗುಡ್ಡದಲ್ಲಿ, ಮಗಳ ಪಕ್ಕದಲ್ಲೇ, ಆಳುಗಳು ಗುಣಿ ತೋಡುತ್ತಿದ್ದರು. ಅದಕ್ಕೆ ಹಾಕುವ ಉಪ್ಪಿನ ಮೂಟೆಗಳು ಇನ್ನೂ ಕಣದಲ್ಲೇ ಇದ್ದವು. ಆ ದಾರಿಗೆ ಜೀಪು ಹತ್ತುವುದಿಲ್ಲ.

"ಮೊದಲು ಉಪ್ಪು ಹೋಗ್ಬೇಕು, ಆಮೇಲೆ ಅವರು," ಎಂದರು ಅಯ್ಯನವರು. "ಹೊತ್ತು ಇಳೀತಾ ಇದೆ."

"ಮಾವನ ಗಾಡಿ ಇದ್ಯಲ್ಲ," ಎಂದ ಅಶ್ವಿನ್. "ಹಿಂದೆ ಕ್ಯಾರಿಯರೂ ಇದೆ."

"ಬಾಯಿ ಮುಚ್ಚೋ! ಇನ್ನೊಂದು ಹೆಣ ಬೇಕೇನೋ ಅದಕ್ಕೆ?" ವಿಶಾಲಾಕ್ಷಮ್ಮ ಗದರಿದರು.

"ಈಗ ಬೀಳಲ್ಲಮ್ಮ," ಶಶಿಧರ್ ಮೆಲ್ಲಗೆ ಹೇಳಿದ. "ಎಡಗಡೆ ತಗಡು ಕೂರಿಸಿದಾರೋ ಇಲ್ವೋ, ಅಷ್ಟು ನೋಡ್ಬೇಕು."

ಅವನು ಶೆಡ್ಡಿಗೆ ಹೊರಟ. ನಾಗಶ್ರೀ ಎದ್ದು ಹಿಂದೆಯೇ ಹೋದಳು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ದಾಟಿದಳು.

ಗಾಡಿ ಹೊಸದರಂತೆ ಕೆಂಪಗಿತ್ತು. ಕಾಲಿಡುವ ಕಂಬಿಗಳ ಕೆಳಗೆ, ಎರಡೂ ಬದಿಗೆ, ಹಿಂದಿನ ಟೈರಿನವರೆಗೂ ಅಗಲವಾದ ದಪ್ಪ ತಗಡು ಚಾಚಿಕೊಂಡಿತ್ತು. ಶಶಿಧರ್ ಕೂತು ಎಡಗಡೆಯದನ್ನು ಅಲುಗಿಸಿ ನೋಡಿದ.

"ಕೂರಿಸಿಬಿಟ್ಟಿದಾರೆ. ಕೊನೇ ಬೋಲ್ಟೂ ಬಿಗಿದಿದಾರೆ."

"ಇದು ಯಾಕೆ?"

"ಕಾಲು ನೆಲಕ್ಕೆ ಹೋಗ್ಬಾರ್ದು ಅಂತ. ಈ ಗಾಡಿಲಿ ಕಾಲು ಕಂಬಿ ಮೇಲೇ ಇರ್ಬೇಕಕ್ಕ, ಊರಿದ್ರೆ ಹಿಂದಿನ ಚಕ್ರ ಮೇಲೆ ಹತ್ತುತ್ತೆ. ಎಷ್ಟು ಸಲ ಮಾಡಿ ಕಿತ್ತು ಹಾಕಿದ್ರು ಇದನ್ನ! ನಾನು ಒಂದಿನ ಕೇಳ್ದೆ, ಸಾಕು ಬಿಡಿ ಅಣ್ಣಾವ್ರೇ, ಯಾರು ಓಡಿಸ್ತಾರೆ ಅಂತ. ಅದಕ್ಕೆ ಅಂದ್ರು, ಮೊಪೆಡ್ ಓಡಿಸಿದೋರಿಗೆ ಕಾಲು ಊರು ಅಂತಾನೇ ಬಾಯಿಗೆ ಬರೋದು ಕಣೋ, ಹೇಳಿದೋರ ತಪ್ಪಲ್ಲ ಅದು ಅಂತ."

"ಹೇಳಿದೋರು ಅಂದ್ರಾ?"

"ಹೂಂ. ಯಾರು ಅಂತ ನಾನು ಕೇಳ್ಲಿಲ್ಲ."

ಕಿಟಕಿಯ ಕಟ್ಟೆಯ ಮೇಲೆ ನಿನ್ನೆಯ ಲೋಟ ಇತ್ತು. ಕಾಫಿಯ ಮೇಲೆ ಕೆನೆ ಕಟ್ಟಿ, ಇರುವೆ ಮುತ್ತಿತ್ತು. ಅದನ್ನು ತನಗೆ ಹೇಳಬಹುದಿತ್ತಲ್ಲ. ಗ್ಯಾರೇಜಿನವನಿಗೆ ಹೇಳಿದ ಮಾತು. ಇಲ್ಲ, ಅವನು ತನ್ನನ್ನು ಕೇಳಿದ್ದ. ಬಾಗಿಲಿಗೆ ಬಂದು, ಲೋಟ ಹಿಡಿದು, ನಿಂತು ಕೇಳಿದ್ದ.

ನಾಗಶ್ರೀ ಜಗಲಿಗೆ ಬಂದಳು.

"ಅತ್ತಿಗೆ, ಅವರು ಮೇಘಳನ್ನ ಕೊಂದಿಲ್ಲ. ಕಾಲು ಊರು ಅಂತ ಕೂಗಿದ್ದು ನಾನು. ಅದಕ್ಕೇ ಗಾಡಿ ಮಗುಚಿದ್ದು."

ವಿಶಾಲಾಕ್ಷಮ್ಮ ಅವಳ ಕೆನ್ನೆ ಸವರಿದರು. "ಸುಮ್ನಿರೇ. ಹೋದೋನ ತಪ್ಪನ್ನ ನೀನು ಮೈಮೇಲೆ ಎಳ್ಕೊಂಡ್ರೆ ಅವನು ಎದ್ದು ಬರ್ತಾನಾ? ಯಾರಾದ್ರೂ ಇವಳಿಗೆ ನೀರು ಕೊಡ್ರೇ."

ಯಾರೋ ನೀರು ಕೊಟ್ಟರು. ಯಾರೂ ಅವಳ ಮುಖ ನೋಡಲಿಲ್ಲ. ಅವಳು ಗಂಡನ ಕಿವಿಯ ಹತ್ತಿರ ಬಗ್ಗಿ, "ಎಡಗಾಲು," ಎಂದಳು. "ನಾನು ಎಡಗಾಲು ಊರ್ತಿದ್ದೆ."

ಕಿವಿಯೊಳಗೂ ವಿಭೂತಿ ಮೆತ್ತಿಕೊಂಡಿತ್ತು.

"ಅಶ್ವಿನ್, ಗಾಡಿ ತಗೊಂಡು ಹೋಗು," ಎಂದಳು.

"ಅತ್ತೆ, ಅಮ್ಮ ಬೇಡ ಅಂತಿದಾಳಲ್ಲ."

"ಹೋಗು."

ಹಗ್ಗ ಎಳೆದ ಎರಡನೆಯ ಸಲಕ್ಕೇ ಎಂಜಿನ್ ಹಿಡಿಯಿತು. ಒಂಬತ್ತು ವರ್ಷದಿಂದ ಆ ಸದ್ದು ಅಲ್ಲಿ ಕೇಳಿರಲಿಲ್ಲ. ಅಂಗಳದಲ್ಲಿದ್ದವರು ತಿರುಗಿ ನೋಡಿದರು. ಉಪ್ಪಿನ ಮೂಟೆ ಹೇರಿಕೊಂಡು ಅಶ್ವಿನ್ ಕಣ ದಾಟಿ ಏರು ಹತ್ತಿದ. ಊರೆಲ್ಲ ಬೈಕಿನಲ್ಲಿ ಸುತ್ತುವವನು, ಬೈಕಿನಂತೆಯೇ ಹಿಡಿದಿದ್ದ.

ಅದೇ ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿತು. ನಾಗಶ್ರೀಯ ಬಾಯಿ ತೆರೆಯಿತು. ಸ್ವರ ಬರಲಿಲ್ಲ. ಅಶ್ವಿನ್ನನ ಎಡಗಾಲು ಕಂಬಿ ಬಿಟ್ಟು ಕೆಳಗಿಳಿಯಿತು.

ಬೂಟು ತಗಡಿಗೆ ಬಡಿದ ಸದ್ದು, ಎಂಜಿನ್ನಿನ ಗದ್ದಲ ಸೀಳಿಕೊಂಡು, ಅಂಗಳದವರೆಗೂ ಸ್ಪಷ್ಟವಾಗಿ ಕೇಳಿಸಿತು. ಕಾಲು ಮತ್ತೆ ಕಂಬಿಯ ಮೇಲೆ ಹೋಯಿತು. ಗಾಡಿ ನೆಟ್ಟಗಾಗಿ ಕಾಫಿ ಗಿಡಗಳ ನಡುವೆ ಮರೆಯಾಯಿತು.

ಜಗಲಿಯಲ್ಲಿ ಷಡಕ್ಷರಿ, ಆ ತಿರುವಿಗೇ ಮುಖ ಮಾಡಿಕೊಂಡು, ಕೂತೇ ಇದ್ದ.