ನಿಶಾಂತನ ಹಗ್ಗ

ಭೂಸೇನೆ, ನೌಕಾಪಡೆ, ವಾಯುಪಡೆ ಒಂದೇ ಮೈಯಂತೆ ಕೆಲಸ ಮಾಡಬೇಕೆಂದು ಹೈದರಾಬಾದಿನಲ್ಲಿ ನಡೆಸಿದ ಶಿಬಿರದಲ್ಲಿ, ಭೂಸೇನೆಯ ಸೂಗಪ್ಪನಿಗೆ ಜೋಡಿಯಾಗಿ ಸಿಕ್ಕವನು ವಾಯುಪಡೆಯ ನಿಶಾಂತ. ಆ ಹೆಸರು ಸೂಗಪ್ಪನಿಗೆ ಮೊದಲೇ ಗೊತ್ತಿತ್ತು.

ಹೋದ ಮಳೆಗಾಲ, ನೆರೆಯಲ್ಲಿ ಸಿಕ್ಕ ಜನರನ್ನು ಎತ್ತುವಾಗ, ಹೆಲಿಕಾಪ್ಟರಿನಿಂದ ಉಕ್ಕಿನ ಹಗ್ಗ ಇಳಿಸುತ್ತಿದ್ದವನು ಇವನೇ. ಅದರ ತುದಿಯಲ್ಲಿ ತೂಗುತ್ತಿದ್ದವನು ಸೂಗಪ್ಪನ ಜೀವದ ಗೆಳೆಯ ಮಾಣಿಕಪ್ಪ. ಹಗ್ಗ ಮರಕ್ಕೆ ತೊಡರಿಕೊಂಡಿತು. ನಿಲ್ಲಿಸು ಎಂದು ಮಾಣಿಕಪ್ಪ ಕೈಯನ್ನು ಅಡ್ಡಡ್ಡ ಬೀಸಿದ. ಮೇಲಿದ್ದವನಿಗೆ ಕಲಿಸಿದ್ದ ಪಾಠದಲ್ಲಿ ಆ ಸನ್ನೆಗೆ ಕತ್ತರಿಸು ಎಂದು ಅರ್ಥ. ಕತ್ತರಿಸಿಬಿಟ್ಟ. ವಿಚಾರಣೆಯಲ್ಲಿ ಅವನಾಡಿದ್ದು ಒಂದೇ ಮಾತು: ಸನ್ನೆ ತಪ್ಪು ತಿಳಿದೆ. ಮೇಲಧಿಕಾರಿಗಳು ಸರಿಯೆಂದು ತಲೆಯಾಡಿಸಿದರು. ಬಿದ್ದು ಬೆನ್ನು ಮುರಿದು, ಸೊಂಟದ ಕೆಳಗೆ ಜೀವವಿಲ್ಲದ ಮಾಣಿಕಪ್ಪ ಯಾದಗಿರಿಯಲ್ಲಿ ಹಾಸಿಗೆ ಹಿಡಿದ.

ನಿಶಾಂತನಿಗೆ ಸೂಗಪ್ಪ ಯಾರೆಂದು ಗೊತ್ತಿರಲಿಲ್ಲ. ಕನ್ನಡದವರು ಸಿಕ್ಕರಲ್ಲ ಎಂದು ಹಿಗ್ಗಿ, ಸುಲ್ತಾನ್ ಬಜಾರಿನ ತನ್ನ ಮನೆಗೆ ಭಾನುವಾರ ಊಟಕ್ಕೆ ಕರೆದ. ಸೂಗಪ್ಪ ನಗುತ್ತಲೇ ಒಪ್ಪಿಕೊಂಡ.

ಮರುದಿನ ಗೋಡೆ ಇಳಿಯುವ ಅಭ್ಯಾಸ. ಮೇಲಿನ ಕಬ್ಬಿಣದ ಬಳೆಯಲ್ಲಿ ಹಾಯಿಸಿದ ಹಗ್ಗದ ಒಂದು ತುದಿ ನಿಶಾಂತನ ಸೊಂಟದಲ್ಲಿ, ಇನ್ನೊಂದು ಕೆಳಗೆ ನಿಂತ ಸೂಗಪ್ಪನ ಕೈಯಲ್ಲಿ. ಅರ್ಧ ಇಳಿದಿದ್ದ ನಿಶಾಂತನ ಕಾಲು ಜಾರಿತು. ನಿಲ್ಲಿಸು ಎನ್ನಲು ಮೂರೂ ಪಡೆಗೆ ಒಂದೇ ಎಂದು ಬೆಳಿಗ್ಗೆ ಕಲಿಸಿದ ಹೊಸ ಸನ್ನೆ ಅವನಿಗೆ ನೆನಪಾಗಲಿಲ್ಲ. ಕೈಯನ್ನು ಅಡ್ಡಡ್ಡ ಬೀಸಿದ. ಬೆದರಿದ ಮನುಷ್ಯನ ಕೈ ಬೇರೇನು ಹೇಳೀತು?

ಸೂಗಪ್ಪ ಹಿಡಿತ ಬಿಟ್ಟ.

ನಿಶಾಂತ ಮೂಟೆಯಂತೆ ಬಂದ. ನೆಲ ಇನ್ನೊಂದು ಮಾರು ದೂರ ಇರುವಾಗ ಸೂಗಪ್ಪನ ಕೈಗಳು ತಾವಾಗಿ ಮುಚ್ಚಿಕೊಂಡವು, ಅಂಗೈ ಸುಲಿದವು. ಹಾಗೆ ಮುಚ್ಚಿಕೊಂಡ ಕೈಗಳ ಮೇಲೆ ಅವನಿಗೆ ರೋಷ ಬಂತು.

"ನಿಲ್ಲಸ್ರಿ ಅಂತ ಕೈ ಮಾಡಿದ್ನಲ್ರಿ," ತೂಗುತ್ತಲೇ ಏದುಸಿರು ಬಿಟ್ಟ ನಿಶಾಂತ. "ಕಾಣಲಿಲ್ಲೇನ್ರಿ?"

"ಕಂಡಿತ್ತು. ಮಾಣಿಕಪ್ಪನ ಕೈ ನಿನಗೂ ಕಂಡಿತ್ತಲ್ಲ."

ನಿಶಾಂತನ ಮುಖ ಸುಣ್ಣವಾಯಿತು.

ಸುಬೇದಾರರು ಓಡಿಬಂದು ಏನಾಯಿತೆಂದು ಕೇಳಿದರು. ಸೂಗಪ್ಪ ನೆಟ್ಟಗೆ ನಿಂತು, ಸನ್ನೆ ತಪ್ಪು ತಿಳಿದೆ ಎಂದ. ಅವರೂ ತಲೆಯಾಡಿಸಿದರು. ನಿಶಾಂತ ನೆಲಕ್ಕಿಳಿದು ಸೊಂಟದ ಗಂಟು ಬಿಚ್ಚಿದ. ಇನ್ನು ಅದಲುಬದಲಾಗಿ, ಹಗ್ಗ ನಿಶಾಂತ ಹಿಡಿಯಲಿ ಎಂದು ಅಪ್ಪಣೆಯಾಯಿತು.

ಸೂಗಪ್ಪ ಸೊಂಟಕ್ಕೆ ಗಂಟು ಬಿಗಿದು, ರಕ್ತ ಹತ್ತಿದ ತುದಿಯನ್ನು ಅವನ ಕೈಗಿಟ್ಟ.

"ಹಿಡಿ. ಈ ಸಲ ಛಲೋ ನೋಡು."

ಗೋಡೆಯ ನೆತ್ತಿಗೆ ಹತ್ತಿ, ಅರ್ಧ ಇಳಿದು, ಎರಡೂ ಕಾಲನ್ನು ಗೋಡೆಯಿಂದ ಬಿಡಿಸಿಕೊಂಡ. ನೇತಾಡುತ್ತ ಕೆಳಗೆ ನೋಡಿದ. ಆಮೇಲೆ ನಿಧಾನವಾಗಿ, ಮಾಣಿಕಪ್ಪ ಬೀಸಿದ ಹಾಗೆಯೇ, ಕೈಯನ್ನು ಅಡ್ಡಡ್ಡ ಬೀಸಿದ.

ಹಗ್ಗ ಅಲುಗಲಿಲ್ಲ. ಕೆಳಗೆ ನಿಶಾಂತ ಅದನ್ನು ಎದೆಗೆ ಸುತ್ತಿಕೊಂಡು, ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದ. ಸುಬೇದಾರರು ಇಳಿ ಎಂದು ಕೂಗಿದರು. ಸೂಗಪ್ಪ ಇಳಿಯಲಿಲ್ಲ. ಬಿಸಿಲಲ್ಲಿ ತೂಗುತ್ತ, ಮತ್ತೆ ಕೈ ಬೀಸಿದ.