ಗೇಣುದ್ದದ ಕಾಣೆ

ಮಂಜೇಶ್ವರದ ಹೊಳೆಯಲ್ಲಿ ಮೀನು ಹಿಡಿಸುವ ಹಕ್ಕನ್ನು ತೊಂಬತ್ತೊಂದರಲ್ಲಿ ಏಲಂನಲ್ಲಿ ಹಿಡಿದವನು ಜೊಕಿಮ್ ಪರ್ಬು. ಅವನ ಕಾನೂನು ಸುಲಭದ್ದು. ಗೇಣಿಗಿಂತ ಸಣ್ಣ ಕಾಣೆ ಮೀನನ್ನು ಹೊಳೆಗೇ ಬಿಡಬೇಕು. ಬಿಡದವನ ದೋಣಿ ಪರ್ಬುವಿನದು. ಯಾರ ಗೇಣು ಅಂತ ಕೇಳುವ ಧೈರ್ಯ ಯಾರಿಗುಂಟು? ಪರ್ಬುಗಳ ಗೇಣೇ ಗೇಣು. ಬಡಪಾಯಿ ಬೆಸ್ತ ಪೂವಪ್ಪ ಅದರ ಅಳತೆಗೆ ತನ್ನ ದೋಣಿಯ ಹುಟ್ಟಿನ ಮೇಲೆ ಕತ್ತಿಯಿಂದ ಗೀರು ಹಾಕಿಕೊಂಡಿದ್ದ.

ಇಬ್ಬರು ಕೂತರೆ ಮೊಣಕಾಲು ತಾಗುವಂಥ ದೋಣಿ ಅವನದು. ಅದು ಬಿಟ್ಟರೆ ಬದುಕಲು ಬೇರೆ ದಾರಿಯಿಲ್ಲ, ಹೆಂಡತಿ ಗಂಗಾ ತುಂಬಿದ ಬಸುರಿ. ಆ ದೋಣಿಯ ಮೇಲೆ ಗಂಗಾಳ ಅಣ್ಣ ಪುರುಷೋತ್ತಮನಿಗೆ ಬಹಳ ದಿನದಿಂದ ಕಣ್ಣಿತ್ತು. ಪೂವಪ್ಪನಿಗೆ ಅದು ಗೊತ್ತಿಲ್ಲದೆ ಅಲ್ಲ. ಆದರೂ ಭಾವ ಅಲ್ಲವಾ ಅಂತ ಜೊತೆಗೆ ಕೂರಿಸಿಕೊಂಡು ಹೋಗುತ್ತಿದ್ದ. ಪೆದ್ದ, ಇನ್ನೇನು ಹೇಳುವುದು.

ಆವತ್ತು ಗಾಳಕ್ಕೆ ಬಿದ್ದದ್ದು ಒಂದೇ ಕಾಣೆ. ಪೂವಪ್ಪ ಹುಟ್ಟಿಗೆ ಇಟ್ಟು ಅಳೆದ. ಬಾಲದ ತುದಿ ಸರಿಯಾಗಿ ಗೀರಿಗೆ ಬಂತು.

"ಗೇಣು ಉಂಟಾ ಭಾವ?"

"ಉಂಟು ಮಾರಾಯ, ಹಾಕು," ಅಂದ ಪುರುಷೋತ್ತಮ.

ದಡದಲ್ಲಿ ಪರ್ಬು ನಿಂತಿದ್ದ. ಮೀನು ಒಯ್ಯಲು ಬುಟ್ಟಿ ಹಿಡಿದು ಗಂಗಾಳೂ ಬಂದಿದ್ದಳು. ಇಳಿಯುವ ಗಡಿಬಿಡಿಯಲ್ಲಿ ಪುರುಷೋತ್ತಮ ಲಂಗರಿನ ಕಲ್ಲನ್ನು ಕೈಜಾರಿಸಿದ. ಅದು ಮೀನಿನ ಬಾಲದ ಮೇಲೇ ಬಿದ್ದು ಬಾಲದ ತುದಿ ಜಜ್ಜಿ ಕಿತ್ತುಹೋಯಿತು.

ಪರ್ಬು ಗೇಣು ಹಾಕಿ ನೋಡಿದ. ಒಂದು ಬೆರಳು ಕಡಿಮೆ.

"ಬಾಲ ಹೋಯಿತಲ್ಲ ಪರ್ಬುಗಳೇ, ದೋಣಿಯಲ್ಲಿ ಅಳೆದಾಗ ಸರಿ ಇತ್ತು," ಅಂದ ಪೂವಪ್ಪ. "ಬೇಕಾದರೆ ಭಾವನನ್ನೇ ಕೇಳಿ."

ಪುರುಷೋತ್ತಮ ನೆಲ ನೋಡಿದ. "ಆಗಲೂ ಸಣ್ಣದೇ. ಬಿಡು ಅಂತ ಹೇಳಿದೆ. ಕೇಳಿದರೆ ತಾನೆ?"

"ಸುಳ್ಳು," ಅಂದ ಪೂವಪ್ಪ.

"ಹಾಗಾದರೆ ಆಣೆ ಹಾಕು," ಅಂತ ಪರ್ಬು ಪುರುಷೋತ್ತಮನಿಗೆ ಹೇಳಿದ.

ಅವನು ಹಿಂದೆಮುಂದೆ ನೋಡದೆ ಸೀದಾ ಹೋಗಿ ತಂಗಿಯ ತಲೆಯ ಮೇಲೆ ಕೈಯಿಟ್ಟ. "ಇವಳಾಣೆ, ಇವಳ ಹೊಟ್ಟೆಯ ಕೂಸಿನಾಣೆ, ಮೀನು ಗೇಣು ಇರಲಿಲ್ಲ."

ಸುಳ್ಳಾಣೆ ಹಾಕಿದವನಿಗೆ ಏನೂ ಆಗುವುದಿಲ್ಲ, ಯಾರ ತಲೆ ಮುಟ್ಟಿದನೋ ಅವರನ್ನೇ ತಿನ್ನುತ್ತದೆ ಅಂತ ಗಟ್ಟಿಯಾಗಿ ನಂಬಿದವನು ಪೂವಪ್ಪ. ನಂಬುತ್ತಾನೆ ಅಂತ ಆ ಪಾಪಿಗೂ ಗೊತ್ತಿತ್ತು. ತಂಗಿಯ ತಲೆಯ ಮೇಲಿನ ಕೈ ತೆಗೆಯಲೇ ಇಲ್ಲ.

"ಎಂತ ಪೂವಪ್ಪ, ಈಗ ಹೇಳು. ನಾನು ಹೇಳಿದ್ದು ಸುಳ್ಳಾ?"

ಆಣೆಯನ್ನು ನಿಜ ಮಾಡಲು ದಾರಿ ಒಂದೇ ಉಳಿದಿತ್ತು.

"ಅಲ್ಲ," ಅಂದ ಪೂವಪ್ಪ. "ಮೀನು ಸಣ್ಣದೇ ಇತ್ತು. ಆಸೆಗೆ ಬಿದ್ದು ನಾನೇ ಹಾಕಿದ್ದು."

ಪರ್ಬು ಅವನ ಕೈಯಿಂದ ಹುಟ್ಟು ಕಿತ್ತು ಪುರುಷೋತ್ತಮನಿಗೆ ಕೊಟ್ಟ. "ಇನ್ನು ಈ ದೋಣಿ ನೀನು ನಡೆಸು. ನನಗೆ ಸತ್ಯ ಹೇಳುವವ ಬೇಕು."

ಗಂಗಾ ಗಂಡನ ಎದುರು ಬಂದು ನಿಂತಳು. "ಅಣ್ಣ ಬಿಡು ಅಂದಾಗ ಬಿಡಬಾರದಿತ್ತಾ? ಹುಟ್ಟುವ ಮಗುವಿನ ಬಾಯಿಗೆ ಇನ್ನು ಎಂತ ಹಾಕುತ್ತೀರಿ?"

ಅವಳು ಬುಟ್ಟಿಯನ್ನು ಗಂಡನ ಕಾಲಬುಡಕ್ಕೆ ಎಸೆದು, ನನ್ನನ್ನು ತಾಯಿಮನೆಗೆ ಬಿಡು ಅಣ್ಣ ಅನ್ನುತ್ತಾ ದೋಣಿ ಹತ್ತಿದಳು.